ಮನೆ ವೈಫೈನಲ್ಲಿ ತಡೆದ ತಾಣ: ಬಂದ ಅತಿಥಿಗೆ ಅದನ್ನು ತಿಳಿಸುವುದು ಹೇಗೆ?

ಕಾವೇರಿ ದಂಡೆ

ಎಲ್ಲರಿಗೂ ನಮಸ್ಕಾರ. ಮೈಸೂರಿನ ನಮ್ಮ ಮನೆಯಲ್ಲಿ ರಾಸ್‌ಬೆರಿ ಪೈ ಅನ್ನುವ ಪುಟ್ಟ ಕಂಪ್ಯೂಟರ್ ಮೇಲೆ ಪೈ-ಹೋಲ್ ಓಡುತ್ತಿದೆ, ಬೇಡದ ತಾಣಗಳನ್ನು ಇಡೀ ಮನೆಗೆ ತಡೆಯುವ ತಂತ್ರಾಂಶ ಅದು. ಜಾಹೀರಾತು, ಟ್ರ್ಯಾಕರ್, ಮೋಸದ ತಾಣ, ಜೂಜು, ಇಷ್ಟನ್ನು ತಡೆಯುವ ಪಟ್ಟಿಗಳಿವೆ. ಮನೆಯವರಿಗೆ ಇದು ಗೊತ್ತು. ಏನಾದರೂ ತೆರೆಯದಿದ್ದರೆ ನನ್ನನ್ನು ಕೇಳುತ್ತಾರೆ, ನಾನು ನೋಡಿ ಬಿಡುತ್ತೇನೆ.

ತೊಂದರೆ ಬರುವುದು ನೆಂಟರು ಬಂದಾಗ. ದಸರಾ ಸಮಯದಲ್ಲಿ ಮನೆ ತುಂಬ ಜನ ಇರುತ್ತಾರೆ. ಗೂಗಲ್‌ನಲ್ಲಿ ಏನಾದರೂ ಹುಡುಕಿ, ಮೇಲೆ ಬರುವ 'ಸ್ಪಾನ್ಸರ್ಡ್' ಕೊಂಡಿಯನ್ನೇ ಒತ್ತುತ್ತಾರೆ. ಅದು ಮೊದಲು ಗೂಗಲ್‌ನ ಜಾಹೀರಾತು ವಿಳಾಸಕ್ಕೆ ಹೋಗಿ, ಅಲ್ಲಿಂದ ಅಂಗಡಿಯ ತಾಣಕ್ಕೆ ಹೋಗುತ್ತದೆ. ಮಧ್ಯದ ಆ ವಿಳಾಸ ನಮ್ಮ ಪಟ್ಟಿಯಲ್ಲಿದೆ, ಹಾಗಾಗಿ ಪುಟ ತೆರೆಯುವುದಿಲ್ಲ. ಎಸ್‌ಎಂಎಸ್, ಇಮೇಲ್‌ನಲ್ಲಿ ಬರುವ ಆಫರ್ ಕೊಂಡಿಗಳದ್ದೂ ಇದೇ ಕಥೆ. ಫೋನ್ ಇಂಗ್ಲಿಷ್‌ನಲ್ಲಿ ಏನೋ ಒಂದು ಎರರ್ ತೋರಿಸುತ್ತದೆ. ಅವರು ನೆಟ್ ಕೆಟ್ಟಿದೆ ಅಂದುಕೊಂಡು ವೈಫೈ ಆಫ್ ಮಾಡಿ ಮೊಬೈಲ್ ಡೇಟಾಗೆ ಹೋಗುತ್ತಾರೆ. ಸಂಕೋಚದ ಸ್ವಭಾವದವರು ಕೇಳುವುದೂ ಇಲ್ಲ.

ನನಗೆ ಬೇಕಿರುವುದು ಇಷ್ಟೇ. ಆ ಎರರ್ ಬದಲು ಕನ್ನಡದಲ್ಲಿ ಒಂದು ಪುಟ ಬರಬೇಕು. 'ನಿಮ್ಮ ಫೋನ್ ಸರಿಯಿದೆ, ನೆಟ್ ಸರಿಯಿದೆ, ಈ ವಿಳಾಸವನ್ನು ನಮ್ಮ ಮನೆಯ ನೆಟ್‌ವರ್ಕ್ ತಡೆದಿದೆ, ಬೇಕಿದ್ದರೆ ಹೇಳಿ' ಅಂತ. ಪೈ-ಹೋಲ್‌ನಲ್ಲಿ ತಡೆಯುವ ರೀತಿಯನ್ನು ಐಪಿ ಮೋಡ್‌ಗೆ ಬದಲಿಸಿ ನೋಡಿದೆ. ಬರೀ ಎಚ್‌ಟಿಟಿಪಿ ಇರುವ ತಾಣಕ್ಕೆ ನನ್ನ ಪುಟ ಬರುತ್ತದೆ. ಎಚ್‌ಟಿಟಿಪಿಎಸ್ (ಬ್ರೌಸರ್ ತಾಣದ ಗುರುತು ನೋಡಿ, ಗುಟ್ಟಾಗಿ ಮಾತಾಡುವ ಸಂಪರ್ಕ) ಆದರೆ ಕೆಂಪು ಬಣ್ಣದ ಎಚ್ಚರಿಕೆ ಬರುತ್ತದೆ, ಅದು ಮೊದಲಿಗಿಂತ ಜಾಸ್ತಿ ಹೆದರಿಸುತ್ತದೆ. ಇದಕ್ಕೆ ದಾರಿ ಇದೆಯೇ?

ಪೋರ್ಟ್ 53

ಎಚ್‌ಟಿಟಿಪಿಎಸ್ ತಾಣದ ಜಾಗದಲ್ಲಿ ನಿಮ್ಮ ಪುಟ ತೋರಿಸಲು ಆಗುವುದಿಲ್ಲ ಸರ್. ಆಗಲೂಬಾರದು.

ಪೈ-ಹೋಲ್ ಕೆಲಸ ಮಾಡುವುದು ಡಿಎನ್‌ಎಸ್ ಮಟ್ಟದಲ್ಲಿ, ಅಂದರೆ ತಾಣದ ಹೆಸರಿಗೆ ಅದರ ಸಂಖ್ಯೆಯ ವಿಳಾಸ ಹುಡುಕಿಕೊಡುವ ಹಂತದಲ್ಲಿ. ಫೋನ್ ಒಂದು ಹೆಸರು ಕೊಟ್ಟು 'ಇದರ ವಿಳಾಸ ಏನು' ಅಂತ ಕೇಳುತ್ತದೆ. ತಡೆದ ಹೆಸರಾದರೆ ಪೈ-ಹೋಲ್ ಎಲ್ಲಿಗೂ ಹೋಗದ 0.0.0.0 ಅಂತ ಉತ್ತರಿಸುತ್ತದೆ. ಅಲ್ಲಿಗೆ ಮಾತು ಮುಗಿಯಿತು, ಬ್ರೌಸರ್ ಕೂಡಲೇ ಕೈಬಿಡುತ್ತದೆ. ಐಪಿ ಮೋಡ್‌ನಲ್ಲಿ 0.0.0.0 ಬದಲು ಪೈ-ಹೋಲ್ ತನ್ನದೇ ವಿಳಾಸ ಕೊಡುತ್ತದೆ. ಬ್ರೌಸರ್ ಅಲ್ಲಿಗೆ ಬರುತ್ತದೆ. ಬಂದ ಕೂಡಲೇ ಕೇಳುವುದು ಸರ್ಟಿಫಿಕೇಟ್. 'ನೀನು ನಿಜವಾಗಿ ಆ ಅಂಗಡಿಯೇ ಆಗಿದ್ದರೆ ತೋರಿಸು' ಅಂತ. ಆ ಅಂಗಡಿಯ ಸರ್ಟಿಫಿಕೇಟ್ ನಿಮ್ಮ ಪೈ ಹತ್ತಿರ ಇಲ್ಲ, ಇರಲು ಸಾಧ್ಯವೂ ಇಲ್ಲ. ಪುಟದ ಒಂದಕ್ಷರ ಕಳಿಸುವ ಮೊದಲೇ ಸಂಪರ್ಕ ಕಡಿದುಹೋಗುತ್ತದೆ. 'ಬೇರೆ ವಿಳಾಸಕ್ಕೆ ಹೋಗು' ಅಂತ ರೀಡೈರೆಕ್ಟ್ ಕಳಿಸೋಣ ಅಂದರೆ ಅದೂ ಸರ್ಟಿಫಿಕೇಟ್ ಒಪ್ಪಿದ ಮೇಲಿನ ಮಾತು.

'ನನ್ನನ್ನು ಎಚ್‌ಟಿಟಿಪಿಎಸ್‌ನಲ್ಲಿ ಮಾತ್ರ ತೆರೆ' ಅಂತ ಬ್ರೌಸರ್‌ಗೆ ಹೇಳಿಟ್ಟ (ಎಚ್‌ಎಸ್‌ಟಿಎಸ್ ಇರುವ) ತಾಣಗಳಲ್ಲಿ 'ಪರವಾಗಿಲ್ಲ, ಮುಂದೆ ಹೋಗು' ಅನ್ನುವ ಬಟನ್ ಕೂಡ ಇರುವುದಿಲ್ಲ. 2012ರಲ್ಲಿ ಬಂದ ಇಂಟರ್ನೆಟ್ ನಿಯಮದ ದಾಖಲೆ ಆರ್‌ಎಫ್‌ಸಿ 6797 ಹಾಗೆಯೇ ಹೇಳುತ್ತದೆ. ಇನ್ನು ಬರೀ ಎಚ್‌ಟಿಟಿಪಿ ಕೊಂಡಿಗಳನ್ನೂ ಕ್ರೋಮ್ 2023ರಿಂದ ಮೊದಲು ಎಚ್‌ಟಿಟಿಪಿಎಸ್‌ನಲ್ಲೇ ತೆರೆಯಲು ನೋಡುತ್ತದೆ. ನಿಮ್ಮ ಪುಟ ಕಾಣಿಸುವ ಜಾಗ ಕಡಿಮೆಯಾಗುತ್ತಲೇ ಹೋಗುತ್ತದೆ. ಪೈ-ಹೋಲ್‌ನಲ್ಲಿ ಹಿಂದೆ ಇಂಥ ಪುಟ ಇತ್ತು. ಅದನ್ನು ಮಾಡಿದವರೇ ತೆಗೆದುಹಾಕಿದರು.

ಐಪಿ ಮೋಡ್‌ನಿಂದ ಇನ್ನೊಂದು ತೊಂದರೆ ಇದೆ. ತಡೆಯುವ ಹೆಸರುಗಳಲ್ಲಿ ಬಹುಪಾಲು ಯಾರೂ ನೇರವಾಗಿ ತೆರೆಯುವ ತಾಣಗಳಲ್ಲ. ಪತ್ರಿಕೆಯ ಪುಟದ ಒಳಗೆ ಸದ್ದಿಲ್ಲದೆ ಬರುವ ಜಾಹೀರಾತು, ಎಣಿಕೆಯ ಸ್ಕ್ರಿಪ್ಟ್, ಇಂಥವು. ಅವೆಲ್ಲ ಈಗ ನಿಮ್ಮ ಪೈ ಬಾಗಿಲು ಬಡಿಯುತ್ತವೆ. ಪೈ ಮೇಲೆ 443ನೇ ಪೋರ್ಟ್ (ಎಚ್‌ಟಿಟಿಪಿಎಸ್ ಬರುವ ಬಾಗಿಲು) ಉತ್ತರ ಕೊಡದೆ ಸುಮ್ಮನಿದ್ದರೆ ಬ್ರೌಸರ್ ಕಾಯುತ್ತಾ ಕೂರುತ್ತದೆ, ಒಳ್ಳೆಯ ಪುಟವೂ ನಿಧಾನವಾಗುತ್ತದೆ. ದಯವಿಟ್ಟು 0.0.0.0ಗೆ ವಾಪಸ್ ಹೋಗಿ.

ಬೆಂಕಿಗೋಡೆ

ಪೋರ್ಟ್ 53 ಹೇಳಿದ್ದು ಸರಿ, ಆದರೆ ದಾರಿ ಇಲ್ಲವೇ ಇಲ್ಲ ಅಂತೇನೂ ಅಲ್ಲ. ನಿಮ್ಮದೇ ಒಂದು ಸಿಎ, ಅಂದರೆ ಸರ್ಟಿಫಿಕೇಟ್ ಕೊಡುವ ವ್ಯವಸ್ಥೆ, ಮಾಡಿಕೊಳ್ಳಿ. ಅದರ ಮೂಲ (ರೂಟ್) ಸರ್ಟಿಫಿಕೇಟನ್ನು ಫೋನ್‌ಗಳಲ್ಲಿ ಹಾಕಿಬಿಡಿ. ಆಮೇಲೆ ಯಾವ ಹೆಸರಿಗೆ ಬೇಕಾದರೂ ಆ ಕ್ಷಣದಲ್ಲೇ ಸರ್ಟಿಫಿಕೇಟ್ ತಯಾರಿಸಿ ಪುಟ ತೋರಿಸಬಹುದು. ಕಚೇರಿಗಳಲ್ಲಿ ಮಾಡುವುದು ಇದನ್ನೇ. ಸಿಸ್ಕೋ ಕಂಪನಿಯ ಫಿಲ್ಟರ್ ಸೇವೆ ಓಪನ್‌ಡಿಎನ್‌ಎಸ್ ತೋರಿಸುವ 'ತಡೆದಿದೆ' ಪುಟ ಎಚ್‌ಟಿಟಿಪಿಎಸ್‌ನಲ್ಲಿ ಸರಿಯಾಗಿ ಬರಬೇಕಾದರೂ ಸಿಸ್ಕೋದ ರೂಟ್ ಸರ್ಟಿಫಿಕೇಟ್ ಹಾಕಿಕೊಳ್ಳಬೇಕು.

ಪೋರ್ಟ್ 53

ಕಚೇರಿಯ ಲ್ಯಾಪ್‌ಟಾಪ್ ಕಚೇರಿಯದು. ಅತಿಥಿಯ ಫೋನ್ ಅತಿಥಿಯದು. ಇಲ್ಲಿ ನಾನು ಗಟ್ಟಿಯಾಗಿ ಬೇಡ ಅನ್ನುತ್ತೇನೆ.

ಒಂದು ರೂಟ್ ಸರ್ಟಿಫಿಕೇಟ್ ಫೋನ್ ಒಳಗೆ ಹೋಯಿತು ಅಂದರೆ, ಅದರ ಗುಟ್ಟಿನ ಕೀಲಿ ಇರುವವರು ಬ್ರೌಸರ್ ಎದುರು ಯಾವ ತಾಣದ ವೇಷ ಬೇಕಾದರೂ ಹಾಕಬಹುದು. ಬ್ಯಾಂಕ್ ವೇಷ ಕೂಡ. ಆ ಕೀಲಿ ಇರುವುದು ಮನೆಯ ಮೂಲೆಯಲ್ಲಿರುವ ಪೈ ಒಳಗಿನ ಎಸ್‌ಡಿ ಕಾರ್ಡ್‌ನಲ್ಲಿ. ನಿಮ್ಮ ಅತ್ತೆ ಹಬ್ಬ ಮುಗಿಸಿ ಊರಿಗೆ ಹೋಗುತ್ತಾರೆ, ಸರ್ಟಿಫಿಕೇಟ್ ಫೋನ್‌ನಲ್ಲೇ ಉಳಿಯುತ್ತದೆ. ಯಾರೂ ನೆನಪಿಟ್ಟು ತೆಗೆಯುವುದಿಲ್ಲ. ಆಂಡ್ರಾಯ್ಡ್ 'ಈ ನೆಟ್‌ವರ್ಕನ್ನು ಯಾರೋ ಗಮನಿಸುತ್ತಿರಬಹುದು' ಅಂತ ಎಚ್ಚರಿಸುತ್ತದೆ, ಅದು ನಿಜವೇ.

ಅಷ್ಟು ಮಾಡಿದರೂ ಉಪಯೋಗ ಅರ್ಧಂಬರ್ಧ. 2016ರಲ್ಲಿ ಬಂದ ಆಂಡ್ರಾಯ್ಡ್ 7ರಿಂದ ಈಚೆಗೆ, ಬಳಕೆದಾರರು ಹಾಕಿದ ಸರ್ಟಿಫಿಕೇಟನ್ನು ಆ್ಯಪ್‌ಗಳು ತಾವಾಗಿ ನಂಬುವುದಿಲ್ಲ. ಐಫೋನ್‌ನಲ್ಲಿ ಹಾಕಿದ ಮೇಲೂ ಸೆಟ್ಟಿಂಗ್ಸ್ ಒಳಗೆ ಹುಡುಕಿ ಇನ್ನೊಂದು ಸ್ವಿಚ್ ಆನ್ ಮಾಡಬೇಕು.

ಸರ್ಟಿಫಿಕೇಟ್ ಹಾಕಿಸದೆ 'ಕೆಂಪು ಎಚ್ಚರಿಕೆ ಬಂದರೆ ಅಡ್ವಾನ್ಸ್ಡ್ ಒತ್ತಿ ಮುಂದೆ ಹೋಗಿ' ಅಂತ ಹೇಳಿಕೊಡುವವರೂ ಇದ್ದಾರೆ. ಅದು ಇನ್ನೂ ಕೆಟ್ಟದ್ದು. ನಾಳೆ ರೈಲ್ವೆ ಸ್ಟೇಷನ್‌ನಲ್ಲೋ ಹೋಟೆಲ್‌ನಲ್ಲೋ ಅದೇ ಎಚ್ಚರಿಕೆ ನಿಜವಾದ ಕಾರಣಕ್ಕೆ ಬರುತ್ತದೆ. ಅವತ್ತೂ ಅವರು ನಾವು ಕಲಿಸಿದ್ದನ್ನೇ ಮಾಡುತ್ತಾರೆ. ಮನೆಗೆ ಬಂದವರ ರಕ್ಷಣೆಗೆ ಅಂತ ಫಿಲ್ಟರ್ ಹಾಕಿ, ಅವರಿಗಿದ್ದ ರಕ್ಷಣೆಯನ್ನೇ ತೆಗೆದ ಹಾಗೆ ಆಗುತ್ತದೆ.

ಬೆಂಕಿಗೋಡೆ

ಒಪ್ಪಿದೆ. ಮನೆಯ ಮಕ್ಕಳ ಟ್ಯಾಬ್‌ಗೆ ಸರಿ ಇರಬಹುದು, ಬಂದವರ ಫೋನ್‌ಗೆ ಬೇಡ.

ಹುಬ್ಬಳ್ಳಿ ಲೈನ್

ಸರಕಾರ ತಾಣ ಬಂದ್ ಮಾಡಿಸಿದಾಗಲೂ ಇದೇ ಆಗುತ್ತದಲ್ಲರೀ. ಮೊದಲು ಎಚ್‌ಟಿಟಿಪಿ ಇದ್ದಾಗ 'ದೂರಸಂಪರ್ಕ ಇಲಾಖೆಯ ಆದೇಶದಂತೆ ತಡೆಯಲಾಗಿದೆ' ಅಂತ ಒಂದು ಪುಟವಾದರೂ ಬರುತ್ತಿತ್ತು. ಈಗ ಸಂಪರ್ಕ ಕಡಿದುಹೋಗುತ್ತದೆ ಅಷ್ಟೇ. ಯಾರು ತಡೆದರು, ಯಾಕೆ, ಒಂದೂ ಗೊತ್ತಾಗುವುದಿಲ್ಲ. ದೊಡ್ಡ ಮೊಬೈಲ್ ಕಂಪನಿಯೊಂದು ಎಚ್‌ಟಿಟಿಪಿಎಸ್ ಸಂಪರ್ಕದ ಶುರುವಿನಲ್ಲಿ ಕಾಣುವ ತಾಣದ ಹೆಸರನ್ನು ನೋಡಿ ಕಡಿಯುತ್ತಿದೆ ಅಂತ ಬೆಂಗಳೂರಿನ ಸೆಂಟರ್ ಫಾರ್ ಇಂಟರ್ನೆಟ್ ಅಂಡ್ ಸೊಸೈಟಿಯವರು 2019ರಲ್ಲೇ ಬರೆದಿದ್ದರು. ಕಾನೂನಿನ ಕಾರಣಕ್ಕೆ ತಡೆದರೆ ಹಾಗಂತ ಹೇಳಲು 451 ಅನ್ನುವ ಸಂಕೇತವೇ 2016ರಿಂದ ಇದೆ. ಅದನ್ನು ಕಳಿಸಲಿಕ್ಕೂ ಸರ್ಟಿಫಿಕೇಟ್ ಬೇಕು. ಮನೆಯಲ್ಲಾದರೂ ಕಾರಣ ಹೇಳೋಣ ಅನ್ನುವುದು ಒಳ್ಳೆಯ ವಿಚಾರ. ಕೈಬಿಡಬೇಡಿ.

ದೂರದೂರು

ನ್ಯೂಜೆರ್ಸಿಯಿಂದ ಬರೆಯುತ್ತಿದ್ದೇನೆ. ಅಪ್ಪ ಅಮ್ಮ ವರ್ಷಕ್ಕೊಮ್ಮೆ ಬಂದು ಕೆಲವು ತಿಂಗಳು ಇರುತ್ತಾರೆ. ನಮ್ಮಲ್ಲಿ ಪೈ-ಹೋಲ್ ಥರದ್ದೇ ಆದ ಆಡ್‌ಗಾರ್ಡ್ ಹೋಮ್ ಇದೆ. ಅಮ್ಮ ಊರಿನ ಫೋನನ್ನೇ ತರುತ್ತಾರೆ, ಅದರಲ್ಲಿ ಅಡುಗೆ ವಿಡಿಯೋ, ಪಂಚಾಂಗದ ಆ್ಯಪ್, ಕನ್ನಡ ಸುದ್ದಿ. ಪಂಚಾಂಗದ ಆ್ಯಪ್ ಜಾಹೀರಾತು ಸಿಗದಿದ್ದರೆ ತೆರೆಯದೆ ನಿಂತುಬಿಡುತ್ತಿತ್ತು. ಆ್ಯಪ್ ಒಳಗೆ ಎಂಥ ಪುಟವನ್ನೂ ತೋರಿಸಲು ಆಗುವುದಿಲ್ಲ, ಸುಮ್ಮನೆ ಚಕ್ರ ತಿರುಗುತ್ತಿರುತ್ತದೆ. ಅಂದರೆ ತಡೆಯುವ ಪುಟ ಸರಿಯಾಗಿ ಕೆಲಸ ಮಾಡಿದರೂ ಅಮ್ಮನ ತೊಂದರೆಗಳಲ್ಲಿ ಅರ್ಧ ಹಾಗೇ ಉಳಿಯುತ್ತದೆ.

ನಾನು ಮಾಡಿದ್ದು ಅವರ ಫೋನಿಗೆ ಬೇರೆ ನಿಯಮ. ಆಡ್‌ಗಾರ್ಡ್ ಹೋಮ್‌ನಲ್ಲಿ ಒಂದೊಂದು ಸಾಧನಕ್ಕೆ ಬೇರೆ ಬೇರೆ ಸೆಟ್ಟಿಂಗ್ ಇಡಬಹುದು. ಅಮ್ಮನ ಫೋನಿಗೆ ಮೋಸದ ತಾಣ, ವೈರಸ್ ತಾಣ ಮಾತ್ರ ತಡೆ. ಜಾಹೀರಾತು ಬಂದರೆ ಬರಲಿ. ಬಾಗಿಲಿಗೆ ಪಾರ್ಸೆಲ್ ಬಂದಿದೆ ಅನ್ನುವ ಸುಳ್ಳು ಮೆಸೇಜಿನ ಕೊಂಡಿಯನ್ನು ತಡೆದರೆ ನನಗೆ ಸಾಕು.

ಅಡಿಕೆ ತೋಟ

ತೀರ್ಥಹಳ್ಳಿ ಕಡೆ ನಮ್ಮದು ಚಿಕ್ಕ ಹೋಮ್‌ಸ್ಟೇ. ಇಲ್ಲಿ ಮೊಬೈಲ್ ಸಿಗ್ನಲ್ ಸರಿ ಬರುವುದಿಲ್ಲ. ಬಂದವರಿಗೆ ವೈಫೈ ಒಂದೇ ಗತಿ. ಹಾಗಾಗಿ ಇದು ನಮಗೆ ದೊಡ್ಡ ವಿಷಯ. ಮೊಬೈಲ್ ಡೇಟಾಗೆ ಬದಲಿಸಿಕೊಳ್ಳುತ್ತಾರೆ ಬಿಡು ಅನ್ನುವ ಹಾಗಿಲ್ಲ.

ನಮಗೆ ಫಿಲ್ಟರ್ ಬೇಕಾಗಿದ್ದು ಬ್ಯಾಂಡ್‌ವಿಡ್ತ್ ಉಳಿಸಲು ಮತ್ತು ನಮ್ಮ ಮಕ್ಕಳು ಅದೇ ನೆಟ್ ಬಳಸುವುದರಿಂದ. ಕಂಪನಿ ಕೊಟ್ಟ ರೂಟರ್‌ನಲ್ಲಿ 'ಗೆಸ್ಟ್ ವೈಫೈ' ಆನ್ ಮಾಡಿದರೆ ಅತಿಥಿಗಳಿಗೆ ನೆಟ್ಟೇ ಬರಲಿಲ್ಲ. ಕಾರಣ ಆಮೇಲೆ ಗೊತ್ತಾಯಿತು. ಗೆಸ್ಟ್ ನೆಟ್‌ವರ್ಕ್ ಮನೆಯ ಬೇರೆ ಸಾಧನಗಳನ್ನು ಮುಟ್ಟದಂತೆ ಬೇಲಿ ಹಾಕುತ್ತದೆ. ಪೈ-ಹೋಲ್ ಬೇಲಿಯ ಈಚೆ ಇದೆ. ಹೆಸರು ಕೇಳಲು ಹೋದವರಿಗೆ ಉತ್ತರವೇ ಇಲ್ಲ. ಬೇಲಿಯಲ್ಲಿ ಒಂದು ಕಿಂಡಿ ಬಿಡಲು ಆ ರೂಟರ್‌ನಲ್ಲಿ ಅವಕಾಶವಿಲ್ಲ.

ಈಗ ಓಪನ್‌ಡಬ್ಲ್ಯುಆರ್‌ಟಿ ಅನ್ನುವ ಮುಕ್ತ ತಂತ್ರಾಂಶ ಹಾಕಿದ ಬೇರೆ ರೂಟರ್ ಇದೆ. ಅತಿಥಿಗಳಿಗೆ 192.168.20 ಅಂತ ಶುರುವಾಗುವ ವಿಳಾಸಗಳ ಬೇರೆ ಸಾಲು. ಅಲ್ಲಿಂದ ಪೈ-ಹೋಲ್‌ಗೆ ಡಿಎನ್‌ಎಸ್‌ನ 53ನೇ ಪೋರ್ಟ್ ಮಾತ್ರ ತೆರೆದಿದೆ, ಜೊತೆಗೆ ಮಾಹಿತಿ ಪುಟಕ್ಕೆ 80 ಮತ್ತು 443. ಪೈ-ಹೋಲ್‌ನಲ್ಲಿ 'ಅತಿಥಿ' ಅಂತ ಒಂದು ಗುಂಪು ಮಾಡಿ, ಆ ಇಡೀ ಸಾಲನ್ನೇ ಒಂದು ಕ್ಲೈಂಟ್ ಅಂತ ಸೇರಿಸಿದ್ದೇನೆ. 2020ರ ಐದನೇ ಆವೃತ್ತಿಯಿಂದ ಗುಂಪುಗಳ ಸೌಲಭ್ಯ ಇದೆ. ಒಬ್ಬೊಬ್ಬರ ಫೋನನ್ನು ಗುರುತಿಸುವ ತಾಪತ್ರಯ ಇಲ್ಲ.

ಮಾಹಿತಿ ಪುಟ ತೋರಿಸಲು ಓಪನ್‌ಎನ್‌ಡಿಎಸ್ ಅನ್ನುವ ತಂತ್ರಾಂಶ ಬಳಸುತ್ತೇನೆ. ವೈಫೈ ಸೇರಿದ ಕೂಡಲೇ, ಹೋಟೆಲ್‌ಗಳಲ್ಲಿ ಬರುವ ಹಾಗೆ ಒಂದು ಪುಟ ಬರುತ್ತದೆ. ಪಾಸ್‌ವರ್ಡ್, ಫೋನ್ ನಂಬರ್ ಏನೂ ಕೇಳುವುದಿಲ್ಲ. ಇಲ್ಲಿ ಇಂಥಿಂಥದ್ದು ತಡೆಯುತ್ತೇವೆ ಅಂತ ಓದಿ 'ಸರಿ' ಒತ್ತಿದರೆ ಮುಗಿಯಿತು. ತಡೆದ ಮೇಲೆ ಹೇಳಲು ಆಗುವುದಿಲ್ಲ ಅಂದ ಮೇಲೆ ಮೊದಲೇ ಹೇಳಿಬಿಡುವುದು ನನ್ನ ದಾರಿ.

ಕಾವೇರಿ ದಂಡೆ

ಇದು ನನ್ನ ತಲೆಗೆ ಬಂದಿರಲಿಲ್ಲ. ಟಿವಿ, ಕಿಂಡಲ್ ಇಂಥದ್ದಕ್ಕೆ ಏನು ಮಾಡುತ್ತೀರಿ? ಅವುಗಳಲ್ಲಿ 'ಸರಿ' ಒತ್ತಲು ಜಾಗವೇ ಇರುವುದಿಲ್ಲವಲ್ಲ.

ಅಡಿಕೆ ತೋಟ

ಕೋಣೆಯ ಟಿವಿಗಳು ನಮ್ಮವೇ, ಅವನ್ನು ಮೊದಲೇ ಪಟ್ಟಿಗೆ ಸೇರಿಸಿ ಬಿಟ್ಟಿದ್ದೇನೆ. ಅತಿಥಿಗಳು ತಂದ, ಟಿವಿಗೆ ಚುಚ್ಚುವ ಸ್ಟಿಕ್ ಇದ್ದರೆ ನಮ್ಮನ್ನು ಕರೆಯಬೇಕು. ಅದೊಂದು ಕಿರಿಕಿರಿ ಇದೆ.

ಪೋರ್ಟ್ 53

ಮನೆಗೆ ಅಷ್ಟೂ ಬೇಡ. ಅದಕ್ಕಿಂತ ಮೆದುವಾದ ದಾರಿ ಇದೆ, ನಮ್ಮಲ್ಲಿ ಬಳಸುವವರು ಕಡಿಮೆ. ಸ್ವಲ್ಪ ಉದ್ದವಾಗಿ ಬರೆಯುತ್ತೇನೆ.

ಹೋಟೆಲ್ ಪುಟದ ಹಳೆಯ ತಂತ್ರ ಏನು? ಫೋನ್ ವೈಫೈ ಸೇರಿದ ಕೂಡಲೇ ನೆಟ್ ಇದೆಯೋ ಇಲ್ಲವೋ ನೋಡಲು ಒಂದು ಗೊತ್ತಾದ ವಿಳಾಸಕ್ಕೆ ಹೋಗುತ್ತದೆ. ಆಂಡ್ರಾಯ್ಡ್ ಗೂಗಲ್‌ನ ಒಂದು ವಿಳಾಸಕ್ಕೆ, ಐಫೋನ್ ಆ್ಯಪಲ್‌ನ ಒಂದು ವಿಳಾಸಕ್ಕೆ. ರೂಟರ್ ಅದನ್ನು ಮಧ್ಯದಲ್ಲಿ ಹಿಡಿದು ತನ್ನ ಪುಟ ತೋರಿಸುತ್ತದೆ. ಹಾಗಾಗಿ ಆ ಪರೀಕ್ಷೆಯ ವಿಳಾಸಗಳು ನಿಮ್ಮ ತಡೆಪಟ್ಟಿಯಲ್ಲಿ ಇವೆಯೇ ಅಂತ ಎಲ್ಲರೂ ಒಮ್ಮೆ ನೋಡಿ. ಇದ್ದರೆ ಫೋನ್ 'ಇಂಟರ್ನೆಟ್ ಇಲ್ಲ' ಅಂದುಕೊಂಡು ತಾನೇ ಮೊಬೈಲ್ ಡೇಟಾಗೆ ಹೋಗುತ್ತದೆ.

ಈ ಹಿಡಿಯುವ ಆಟ ಬೇಡ ಅಂತಲೇ 2020ರಲ್ಲಿ ಎರಡು ಹೊಸ ನಿಯಮಗಳು ಬಂದವು. ಆರ್‌ಎಫ್‌ಸಿ 8910 ಮತ್ತು 8908. ಮೊದಲನೆಯದರಲ್ಲಿ, ಫೋನಿಗೆ ಐಪಿ ವಿಳಾಸ ಹಂಚುವಾಗಲೇ ಡಿಎಚ್‌ಸಿಪಿಯ 114ನೇ ಆಪ್ಷನ್‌ನಲ್ಲಿ ಒಂದು ಕೊಂಡಿ ಕೊಡುತ್ತೀರಿ. ಎರಡನೆಯದರಲ್ಲಿ, ಆ ಕೊಂಡಿಯಲ್ಲಿ ಫೋನ್ ಓದುವ ಒಂದು ಪುಟ್ಟ ಪಠ್ಯ (ಜೇಸನ್) ಫೈಲ್ ಇರುತ್ತದೆ. ಅದರಲ್ಲಿ 'ಕ್ಯಾಪ್ಟಿವ್' ಅನ್ನುವುದಕ್ಕೆ 'ಫಾಲ್ಸ್' ಅಂತ ಬರೆಯಿರಿ. ಅಂದರೆ ಯಾರನ್ನೂ ತಡೆದು ನಿಲ್ಲಿಸಿಲ್ಲ, ನೆಟ್ ತೆರೆದೇ ಇದೆ. 'ವೆನ್ಯೂ ಇನ್ಫೋ ಯುಆರ್‌ಎಲ್' ಅನ್ನುವುದಕ್ಕೆ ನಿಮ್ಮ ಕನ್ನಡ ಪುಟದ ವಿಳಾಸ ಕೊಡಿ. ಆಂಡ್ರಾಯ್ಡ್ 11ರಿಂದ ಈಚಿನ ಫೋನ್‌ಗಳಿಗೆ ಇದು ಅರ್ಥವಾಗುತ್ತದೆ. ವೈಫೈ ಸೇರಿದಾಗ 'ಈ ಜಾಗದ ಪುಟ ನೋಡಿ' ಅನ್ನುವ ಥರ ಒಂದು ಸೂಚನೆ ಬರುತ್ತದೆ. ಒತ್ತಿದವರು ಓದುತ್ತಾರೆ, ಒತ್ತದವರಿಗೂ ನೆಟ್ ನಡೆಯುತ್ತದೆ. ಟಿವಿ, ಕಿಂಡಲ್ ಯಾವುದಕ್ಕೂ ತೊಂದರೆ ಇಲ್ಲ. ಎಲ್ಲ ಕಂಪನಿಯ ಫೋನೂ ಒಂದೇ ಥರ ತೋರಿಸುವುದಿಲ್ಲ, ಹಾಗಾಗಿ ಇದನ್ನೇ ಪೂರ್ತಿ ನಂಬಬೇಡಿ.

ಒಂದು ಷರತ್ತು ಇದೆ. ಆ ಕೊಂಡಿ ಎಚ್‌ಟಿಟಿಪಿಎಸ್ ಆಗಿರಬೇಕು, ಫೋನ್ ಒಪ್ಪುವ ನಿಜವಾದ ಸರ್ಟಿಫಿಕೇಟ್ ಇರಬೇಕು. ನಿಮ್ಮದೇ ಒಂದು ಡೊಮೇನ್ ಇದ್ದರೆ ಲೆಟ್ಸ್ ಎನ್‌ಕ್ರಿಪ್ಟ್ ಸಂಸ್ಥೆಯಿಂದ ಉಚಿತವಾಗಿ ಸಿಗುತ್ತದೆ. ಡಿಎನ್‌ಎಸ್ ಮೂಲಕ ಗುರುತು ತೋರಿಸುವ ವಿಧಾನ ಬಳಸಿದರೆ ಪೈ ಅನ್ನು ಹೊರಗಿನ ಇಂಟರ್ನೆಟ್‌ಗೆ ತೆರೆದಿಡುವ ಅಗತ್ಯವೂ ಇಲ್ಲ. ಇಲ್ಲಿ ನೀವು ನಿಮ್ಮ ಹೆಸರಿನಲ್ಲೇ ಮಾತಾಡುತ್ತಿದ್ದೀರಿ. ಬೇರೆ ಯಾರ ವೇಷವನ್ನೂ ಹಾಕುತ್ತಿಲ್ಲ. ಅದಕ್ಕೇ ಬ್ರೌಸರ್ ತಕರಾರು ಮಾಡುವುದಿಲ್ಲ.

ಹುಬ್ಬಳ್ಳಿ ಲೈನ್

ಡಿಎನ್‌ಎಸ್ ಉತ್ತರದ ಜೊತೆಗೇ ಕಾರಣ ಕಳಿಸುವ ವ್ಯವಸ್ಥೆ ಬಂದಿದೆ ಅಂತ ಓದಿದ್ದೆ. ಅದು ಏನಾಯಿತು?

ಪೋರ್ಟ್ 53

ಬಂದಿದೆ. ಆರ್‌ಎಫ್‌ಸಿ 8914, ಅದೂ 2020ರದ್ದೇ. ಉತ್ತರದ ಜೊತೆ ಒಂದು ಸಂಖ್ಯೆ ಹೋಗುತ್ತದೆ. 15 ಅಂದರೆ ಈ ಡಿಎನ್‌ಎಸ್ ನಡೆಸುವವರೇ ತಡೆದಿದ್ದಾರೆ. 16 ಅಂದರೆ ಹೊರಗಿನವರ ಆದೇಶಕ್ಕೆ ತಡೆದಿದ್ದು. 17 ಅಂದರೆ ಬಳಸುವವರೇ ಕೇಳಿಕೊಂಡಿದ್ದಕ್ಕೆ ತಡೆದಿದ್ದು. ಜೊತೆಗೆ ಚಿಕ್ಕ ವಿವರಣೆಯನ್ನೂ ಸೇರಿಸಬಹುದು. ಪೈ-ಹೋಲ್ ಆರನೇ ಆವೃತ್ತಿ ಈ ಮಾಹಿತಿಯನ್ನು ಕಳಿಸುತ್ತದೆ. ಟರ್ಮಿನಲ್‌ನಲ್ಲಿ ಡಿಎನ್‌ಎಸ್ ಉತ್ತರ ತೋರಿಸುವ ಡಿಗ್ ಕಮಾಂಡ್ ಹೊಡೆದರೆ ಕಾಣುತ್ತದೆ.

ಆದರೆ ಅತಿಥಿ ಡಿಗ್ ಹೊಡೆಯುವುದಿಲ್ಲ. ಬ್ರೌಸರ್‌ಗಳು ಆ ವಿವರಣೆಯನ್ನು ತೆರೆಯ ಮೇಲೆ ತೋರಿಸಲು ಹಿಂಜರಿಯುತ್ತವೆ, ಅದಕ್ಕೆ ಕಾರಣವೂ ಇದೆ. ಗೊತ್ತಿಲ್ಲದ ವೈಫೈ ಒಂದು 'ನಿಮ್ಮ ಖಾತೆ ಬ್ಲಾಕ್ ಆಗಿದೆ, ಈ ನಂಬರಿಗೆ ಕರೆ ಮಾಡಿ' ಅಂತ ಬರೆದು ಕಳಿಸಿದರೆ? ಬ್ರೌಸರೇ ಹೇಳಿದ ಹಾಗೆ ಕಾಣುತ್ತದೆ. ಇದನ್ನು ಸುರಕ್ಷಿತವಾಗಿ ಮಾಡುವುದು ಹೇಗೆ ಅಂತ ಇಂಟರ್ನೆಟ್ ನಿಯಮ ರೂಪಿಸುವ ಐಇಟಿಎಫ್‌ನಲ್ಲಿ ಚರ್ಚೆ ನಡೆದಿದೆ. ನಮ್ಮ ಕೈಗೆ ಸಿಗುವವರೆಗೆ ಬೇರೆ ದಾರಿಯೇ ಗತಿ.

ಶಾಲೆ ಮೇಡಂ

ತಾಂತ್ರಿಕ ವಿಷಯ ನನಗೆ ಅಷ್ಟು ಬರುವುದಿಲ್ಲ, ಆದರೆ ಒಂದು ಮಾತು ಹೇಳಲೇಬೇಕು ಅನ್ನಿಸಿತು. ಪುಟ ತೋರಿಸುವುದು ಹೇಗೆ ಅಂತ ಎಲ್ಲರೂ ಹೇಳುತ್ತಿದ್ದೀರಿ. ಅದನ್ನು ನೋಡಿದವರಿಗೆ ಏನನ್ನಿಸುತ್ತದೆ ಅಂತ ಯಾರೂ ಕೇಳಲಿಲ್ಲ.

ನಾನು ಪ್ರೌಢಶಾಲೆಯಲ್ಲಿ ಪಾಠ ಮಾಡುತ್ತೇನೆ. ಹದಿನಾಲ್ಕು, ಹದಿನೈದು ವಯಸ್ಸಿನ ಹುಡುಗಿ ರಜೆಗೆ ಸೋದರಮಾವನ ಮನೆಗೆ ಬಂದಿದ್ದಾಳೆ ಅಂದುಕೊಳ್ಳಿ. ಮುಟ್ಟಿನ ತೊಂದರೆ ಬಗ್ಗೆಯೋ, ಮನೆಯಲ್ಲಿ ಯಾರನ್ನೂ ಕೇಳಲಾಗದ ಇನ್ನೇನೋ ವಿಷಯವೋ ಫೋನ್‌ನಲ್ಲಿ ಹುಡುಕುತ್ತಾಳೆ. 'ವಯಸ್ಕರ ತಾಣ' ಅನ್ನುವ ಪಟ್ಟಿಗಳಲ್ಲಿ ಆರೋಗ್ಯದ ಪುಟಗಳೂ ಎಷ್ಟೋ ಸಲ ಸೇರಿಕೊಂಡಿರುತ್ತವೆ. ಆಗ ದೊಡ್ಡ ಅಕ್ಷರದಲ್ಲಿ 'ಇದು ಅಶ್ಲೀಲ ತಾಣ, ಬೇಕಿದ್ದರೆ ಮನೆಯ ಯಜಮಾನರನ್ನು ಕೇಳಿ' ಅಂತ ಪುಟ ಬಂದರೆ ಆ ಮಗುವಿನ ಗತಿ ಏನು? ಪಕ್ಕದಲ್ಲಿ ಅಣ್ಣ ಕೂತಿದ್ದರೆ? ಅವಳು ಮಾವನನ್ನು ಹೋಗಿ ಕೇಳುತ್ತಾಳೆಯೇ? ಬರೀ ಎರರ್ ಬಂದಿದ್ದರೆ ನೆಟ್ ಸರಿಯಿಲ್ಲ ಅಂದುಕೊಂಡು ಸುಮ್ಮನಾಗುತ್ತಿದ್ದಳು. ಇಂಥ ಪುಟ ಅವಳನ್ನು ತಪ್ಪಿತಸ್ಥೆ ಮಾಡುತ್ತದೆ.

ಕಾರಣ ಹೇಳಬೇಕು ನಿಜ. ಆದರೆ ಒಬ್ಬೊಬ್ಬರ ಮುಖಕ್ಕೆ ಹಿಡಿದು, ಅವರು ಹುಡುಕಿದ್ದಕ್ಕೆ ಹಣೆಪಟ್ಟಿ ಹಚ್ಚಿ ಹೇಳಬಾರದು. ತೋಟದವರು ಮಾಡಿದ ಹಾಗೆ ಎಲ್ಲರಿಗೂ ಮೊದಲೇ ಒಂದೇ ಮಾತು ಹೇಳುವುದು ಒಳ್ಳೆಯದು. ಇನ್ನೊಂದು ಪ್ರಶ್ನೆ: ಯಾರು ಯಾವ ತಾಣಕ್ಕೆ ಹೋದರು ಅಂತ ನಿಮಗೆ ಕಾಣುತ್ತದೆಯೇ?

ದೂರದೂರು

ಕಾಣುತ್ತದೆ ಮೇಡಂ. ಯಾವ ಸಾಧನ, ಎಷ್ಟು ಹೊತ್ತಿಗೆ, ಯಾವ ಹೆಸರು ಕೇಳಿತು ಅಂತ ಸಾಲುಸಾಲಾಗಿ ಇರುತ್ತದೆ. ಪುಟದ ಒಳಗಿನದು ಕಾಣುವುದಿಲ್ಲ, ಆದರೆ ತಾಣದ ಹೆಸರೇ ಸಾಕಷ್ಟು ಹೇಳಿಬಿಡುತ್ತದೆ. ಆಡ್‌ಗಾರ್ಡ್ ಹೋಮ್‌ನಲ್ಲಿ ಒಂದು ಸಾಧನವನ್ನು ದಾಖಲೆಯಿಂದ ಹೊರಗಿಡುವ ಆಯ್ಕೆ ಇದೆ. ಅಪ್ಪ ಅಮ್ಮನ ಫೋನಿಗೆ, ಬಂದ ಸ್ನೇಹಿತರ ಫೋನಿಗೆ ಅದನ್ನು ಆನ್ ಮಾಡುತ್ತೇನೆ.

ಅಡಿಕೆ ತೋಟ

ಪೈ-ಹೋಲ್‌ನಲ್ಲಿ ಗೋಪ್ಯತೆಯ ಹಂತ 0ರಿಂದ 3ರವರೆಗೆ ಇದೆ, ಅದು ಇಡೀ ಮನೆಗೆ ಒಂದೇ. 3ಕ್ಕೆ ಇಟ್ಟರೆ ಪೈ-ಹೋಲ್ ಪುಟದಲ್ಲಿ ಲೆಕ್ಕ ಮಾತ್ರ ಕಾಣುತ್ತದೆ, ಯಾರು, ಏನು ಅನ್ನುವುದು ಕಾಣುವುದಿಲ್ಲ. ಹೋಮ್‌ಸ್ಟೇಯಲ್ಲಿ ನಾನು 3ರಲ್ಲೇ ಇಟ್ಟಿದ್ದೇನೆ. ಬಂದವರು ಏನು ನೋಡಿದರು ಅನ್ನುವುದು ನನಗೆ ಬೇಡ. ಮೇಡಂ ಹೇಳಿದ ಮೇಲೆ ಅತಿಥಿ ಗುಂಪಿನಿಂದ ವಯಸ್ಕರ ಪಟ್ಟಿಯನ್ನೇ ತೆಗೆಯುತ್ತಿದ್ದೇನೆ. ಅದು ನಮ್ಮ ಮಕ್ಕಳ ಟ್ಯಾಬ್‌ಗೆ ಮಾತ್ರ ಇರಲಿ. ದೊಡ್ಡವರಿಗೆ ನಾನು ಯಾಕೆ ಕಾವಲು ಕಾಯಬೇಕು?

ಬೆಂಕಿಗೋಡೆ

ಪುಟ ಬರೆಯುವ ಮೊದಲು ಇನ್ನೊಂದು ನೋಡಿಕೊಳ್ಳಿ. ತುಂಬ ಮನೆಗಳಲ್ಲಿ ತಡೆ ಅರ್ಧಕ್ಕರ್ಧ ಮಾತ್ರ ನಡೆಯುತ್ತಿರುತ್ತದೆ. ಹೊಸ ಬಗೆಯ ವಿಳಾಸ ವ್ಯವಸ್ಥೆ ಐಪಿವಿ6 ಇದ್ದರೆ ರೂಟರ್ ತನ್ನ ಘೋಷಣೆಯಲ್ಲಿ ನೆಟ್ ಕಂಪನಿಯ ಡಿಎನ್‌ಎಸ್ ವಿಳಾಸವನ್ನೂ ಹಂಚುತ್ತದೆ. ಫೋನ್ ಒಮ್ಮೆ ಪೈ-ಹೋಲ್ ಕೇಳುತ್ತದೆ, ಇನ್ನೊಮ್ಮೆ ಅದನ್ನು ಕೇಳುತ್ತದೆ. ಅತಿಥಿಗೆ ಒಂದೇ ತಾಣ ಈಗ ತೆರೆಯುತ್ತದೆ, ಐದು ನಿಮಿಷ ಬಿಟ್ಟರೆ ತೆರೆಯುವುದಿಲ್ಲ. ಇಂಥ ಕಡೆ ಏನು ವಿವರಣೆ ಬರೆದರೂ ನಂಬುವುದಿಲ್ಲ.

ಆಂಡ್ರಾಯ್ಡ್ 9ರಿಂದ, ಹೆಸರುಗಳನ್ನು ಗುಟ್ಟಾಗಿ ಕೇಳುವ 'ಪ್ರೈವೇಟ್ ಡಿಎನ್‌ಎಸ್' ಇದೆ. ಅದರಲ್ಲಿ ಅತಿಥಿ ತಾನೇ ಒಂದು ಸರ್ವರ್ ಹೆಸರು ಹಾಕಿಕೊಂಡಿದ್ದರೆ ನಿಮ್ಮ ಫಿಲ್ಟರ್ ಅವರಿಗೆ ಅನ್ವಯಿಸುವುದೇ ಇಲ್ಲ. ಅದು ಬಳಸುವ 853ನೇ ಪೋರ್ಟ್ ಮುಚ್ಚಿದರೆ ಅವರಿಗೆ ನೆಟ್ ಪೂರ್ತಿ ನಿಲ್ಲಬಹುದು, ಕಾರಣವೂ ತಿಳಿಯುವುದಿಲ್ಲ. ಅತಿಥಿಯ ಸಾಲಿನಲ್ಲಿ ಅದನ್ನು ಮುಚ್ಚಬೇಡಿ ಅನ್ನುವುದು ನನ್ನ ಅಭಿಪ್ರಾಯ. ತಮ್ಮ ವ್ಯವಸ್ಥೆ ತಾವೇ ಮಾಡಿಕೊಂಡವರನ್ನು ಹಾಗೇ ಬಿಡೋಣ.

ಕಾವೇರಿ ದಂಡೆ

ಎಲ್ಲರಿಗೂ ಧನ್ಯವಾದ. ನಾನು ಕೇಳಿದ್ದು ಒಂದು, ಸಿಕ್ಕಿದ್ದು ಅದಕ್ಕಿಂತ ಜಾಸ್ತಿ. ನನ್ನ ತೀರ್ಮಾನ ಹೀಗಿದೆ. ಐಪಿ ಮೋಡ್ ಬಿಟ್ಟು 0.0.0.0ಗೆ ಹೋಗುತ್ತೇನೆ. ಅತಿಥಿಗಳಿಗೆ ಬೇರೆ ವೈಫೈ ಹೆಸರು, ಅದರಲ್ಲಿ ಮೋಸದ ತಾಣಗಳ ಪಟ್ಟಿ ಮಾತ್ರ. ಗೂಗಲ್‌ನ ಸ್ಪಾನ್ಸರ್ಡ್ ಕೊಂಡಿ ಅಲ್ಲಿ ತೆರೆಯಲಿ. 114ನೇ ಆಪ್ಷನ್ ಹಾಕುತ್ತೇನೆ. ಅದು ಕಾಣದ ಫೋನ್‌ಗಳಿಗಾಗಿ ಹಾಲ್‌ನ ಗೋಡೆಗೆ ಒಂದು ಚೀಟಿ. ಅದರಲ್ಲಿ ಎರಡು ಕ್ಯೂಆರ್, ಒಂದು ವೈಫೈ ಸೇರಲು, ಇನ್ನೊಂದು ಇದೇ ಪುಟ ತೆರೆಯಲು. ಪುಟದಲ್ಲಿ ಹಾಕಬೇಕು ಅಂದುಕೊಂಡ ಮಾತು ಕೆಳಗಿದೆ, ತಿದ್ದಿ ಕೊಡಿ.

'ನಮ್ಮ ಮನೆಯ ವೈಫೈಗೆ ಸ್ವಾಗತ. ಹಣ ಮತ್ತು ಪಾಸ್‌ವರ್ಡ್ ಕದಿಯುವ ಮೋಸದ ತಾಣಗಳನ್ನು ಇಲ್ಲಿ ತಡೆಯುತ್ತೇವೆ. ಕೆಲವು ಸಲ ಒಳ್ಳೆಯ ತಾಣವೂ ಈ ತಡೆಗೆ ಸಿಕ್ಕಿ ತೆರೆಯದೆ ಇರಬಹುದು. ಆಗ ನಿಮ್ಮ ಫೋನ್ ಕೆಟ್ಟಿಲ್ಲ, ನಿಮ್ಮಿಂದ ಏನೂ ತಪ್ಪಾಗಿಲ್ಲ. ಬೇಕಾದರೆ ಮೊಬೈಲ್ ಡೇಟಾದಲ್ಲಿ ತೆರೆಯಿರಿ, ಅಥವಾ ನಮಗೆ ಹೇಳಿ, ಸರಿಮಾಡುತ್ತೇವೆ. ನೀವು ಏನು ನೋಡುತ್ತೀರಿ ಅಂತ ನಾವು ದಾಖಲೆ ಇಟ್ಟುಕೊಳ್ಳುವುದಿಲ್ಲ.'

ಶಾಲೆ ಮೇಡಂ

'ಬೇಕಾದರೆ ಮೊಬೈಲ್ ಡೇಟಾದಲ್ಲಿ ತೆರೆಯಿರಿ' ಅನ್ನುವುದು ಮೋಸದ ತಾಣಕ್ಕೂ ದಾರಿ ತೋರಿಸಿದ ಹಾಗೆ ಆಗುವುದಿಲ್ಲವೇ? 'ಬ್ಯಾಂಕ್, ಪಾರ್ಸೆಲ್, ಬಹುಮಾನ ಅಂತ ಮೆಸೇಜ್‌ನಲ್ಲಿ ಬಂದ ಕೊಂಡಿ ಆಗಿದ್ದರೆ ದಯವಿಟ್ಟು ತೆರೆಯಬೇಡಿ, ಮೊದಲು ನಮಗೆ ತೋರಿಸಿ' ಅಂತ ಅದಕ್ಕೂ ಮುಂಚೆ ಸೇರಿಸಿ. ಉಳಿದದ್ದು ಚೆನ್ನಾಗಿದೆ. ಕೊನೆಯ ಸಾಲನ್ನು ಬರೆಯಬೇಕಾದರೆ ದಾಖಲೆ ನಿಜವಾಗಿ ಆಫ್ ಆಗಿರಬೇಕು.

ಕಾವೇರಿ ದಂಡೆ

ಸೇರಿಸುತ್ತೇನೆ ಮೇಡಂ. ಈಗಲೇ ದಾಖಲೆ ಬರೆಯುವುದನ್ನು ಆಫ್ ಮಾಡಿ, ಗೋಪ್ಯತೆಯ ಹಂತವನ್ನೂ 3ಕ್ಕೆ ಇಟ್ಟೆ.

ದೂರದೂರು

ಅಕ್ಷರ ದೊಡ್ಡದಿರಲಿ. ಅಮ್ಮನಂಥವರು ಕನ್ನಡಕ ಹುಡುಕದೆ ಓದುವಷ್ಟು.

ಪೋರ್ಟ್ 53

ಪುಟವನ್ನು ಒಂದೇ ಎಚ್‌ಟಿಎಂಎಲ್ ಫೈಲ್‌ನಲ್ಲಿ ಮುಗಿಸಿ. ಹೊರಗಿನಿಂದ ಫಾಂಟ್, ಸ್ಕ್ರಿಪ್ಟ್ ಏನೂ ತರಿಸಬೇಡಿ. ಈಗಿನ ಎಲ್ಲ ಫೋನ್‌ಗಳಲ್ಲೂ ಕನ್ನಡ ಫಾಂಟ್ ಇದೆ, ಯುಟಿಎಫ್-8 ಅಂತ ಹಾಕಿದರೆ ಸಾಕು. ಜೇಸನ್ ಫೈಲನ್ನು ಕಳಿಸುವಾಗ ಅದರ ಬಗೆಯನ್ನು 'ಅಪ್ಲಿಕೇಷನ್ ಕ್ಯಾಪ್ಟಿವ್ ಪ್ಲಸ್ ಜೇಸನ್' ಅಂತ ಹೇಳುವಂತೆ ವೆಬ್ ಸರ್ವರ್‌ನಲ್ಲಿ ಸೆಟ್ ಮಾಡಿ, ಇಲ್ಲದಿದ್ದರೆ ಫೋನ್ ಅದನ್ನು ಗಮನಿಸದೇ ಇರಬಹುದು. ಲೆಟ್ಸ್ ಎನ್‌ಕ್ರಿಪ್ಟ್ ಸರ್ಟಿಫಿಕೇಟ್ ಹೆಚ್ಚೆಂದರೆ 90 ದಿನಕ್ಕೆ ಮುಗಿಯುತ್ತದೆ. ಅದು ತಾನಾಗಿ ಹೊಸದಾಗುವ ಹಾಗೆ, ಗೊತ್ತಾದ ಹೊತ್ತಿಗೆ ಕೆಲಸ ಮಾಡಿಸುವ ಕ್ರಾನ್‌ನಲ್ಲಿ ಹಾಕಿಡಿ. ಮುಗಿದರೆ ವೈಫೈ ಸೇರುವಾಗ ಯಾವ ಎರರೂ ಬರುವುದಿಲ್ಲ, ಸೂಚನೆ ಕಾಣಿಸುವುದು ನಿಲ್ಲುತ್ತದೆ ಅಷ್ಟೇ, ನಿಮಗೆ ಗೊತ್ತೂ ಆಗುವುದಿಲ್ಲ.